ಹಳೆಯ ಓಎಸ್‌ಎಸ್ ಕಿತ್ತು ಹಾಕುವ ಮುಂಚೆ ಏನೇನು ನೋಡಬೇಕು?

ಪ್ರಶ್ನೆ: "ಮಧ್ಯಮ ಗಾತ್ರದ ಟೆಲಿಕಾಂ ಸಂಸ್ಥೆಯೊಂದರಲ್ಲಿ ನೆಟ್‌ವರ್ಕ್ ಆಪರೇಷನ್ಸ್ ನೋಡಿಕೊಳ್ಳುತ್ತೇನೆ. ಮೊಬೈಲ್, ಫೈಬರ್ ಬ್ರಾಡ್‌ಬ್ಯಾಂಡ್, ಕಂಪನಿಗಳಿಗೆ ಲೀಸ್ಡ್ ಲೈನ್ ಮೂರೂ ಇವೆ. ಹಿಂದೆ ಇನ್ನೊಂದು ಸಂಸ್ಥೆಯನ್ನು ಕೊಂಡಾಗ ಅವರ ಸಿಸ್ಟಂಗಳೂ ನಮ್ಮ ತಲೆಗೇ ಬಂದವು. ಈಗ ಮೂರು ಇನ್ವೆಂಟರಿ (ಯಾವ ಉಪಕರಣ, ಯಾವ ಪೋರ್ಟ್ ಎಲ್ಲಿದೆ ಎಂಬ ದಾಖಲೆ), ಎರಡು ಅಲಾರ್ಮ್ ಸಿಸ್ಟಂ, ಲೆಕ್ಕವಿಲ್ಲದಷ್ಟು ಸ್ಕ್ರಿಪ್ಟ್‌ಗಳಿವೆ. ಒಂದು ಲೀಸ್ಡ್ ಲೈನ್ ಆರ್ಡರ್ ಮುಗಿಸಲು ನಮ್ಮ ಹುಡುಗರು ಅದೇ ಮಾಹಿತಿಯನ್ನು ನಾಲ್ಕು ಸ್ಕ್ರೀನ್‌ಗಳಲ್ಲಿ ಟೈಪ್ ಮಾಡುತ್ತಾರೆ. ಎಲ್ಲವನ್ನೂ ತೆಗೆದು 18 ತಿಂಗಳಲ್ಲಿ ಕ್ಲೌಡ್‌ನಲ್ಲಿರುವ ಒಂದೇ ಓಎಸ್‌ಎಸ್‌ಗೆ (ಆಪರೇಷನ್ಸ್ ಸಪೋರ್ಟ್ ಸಿಸ್ಟಂ) ಹೋಗಬೇಕೆಂದು ಆಡಳಿತ ಮಂಡಳಿ ಹೊರಟಿದೆ. ಟೆಲಿಕಾಂ ಉದ್ಯಮದ ಒಕ್ಕೂಟವಾದ ಟಿಎಂ ಫೋರಂನ ಎಪಿಐಗಳಿವೆ (ಸಿಸ್ಟಂಗಳು ಪರಸ್ಪರ ಮಾತನಾಡುವ ಗೊತ್ತಾದ ರೂಪಗಳು), ಜೋಡಣೆ ಸುಲಭ; ಡೇಟಾ ಹೊಸ ಸಿಸ್ಟಂಗೆ ಬಂದಾಗ ಸರಿಹೋಗುತ್ತದೆ; ಅಲಾರ್ಮ್‌ಗಳನ್ನು ಎಐ ನೋಡಿಕೊಳ್ಳುತ್ತದೆ ಎಂದು ವೆಂಡರ್ ಹೇಳುತ್ತಾರೆ. ಹಳೆಯದರ ಒಳಹೊರಗು ಗೊತ್ತಿರುವ ಇಬ್ಬರು ಹಿರಿಯರು ಸದ್ಯದಲ್ಲೇ ನಿವೃತ್ತರಾಗುತ್ತಾರೆ. ಬದಲಾವಣೆ ಬೇಕೆಂಬುದು ನನಗೂ ಗೊತ್ತು. ಆದರೆ ಒಂದು ರಾತ್ರಿ ಎಲ್ಲವನ್ನೂ ಬದಲಿಸಿ, ಬೆಳಿಗ್ಗೆ ಏನಾಗಿರುತ್ತದೋ ಎಂಬ ಭಯವಿದೆ. ತಂಡದವರಿಗೆ ಕೆಲಸ ಹೋಗುವ ಭಯ. ಏನು ಮಾಡಲಿ?"

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಬದಲಿಸಬೇಕೆ ಎಂಬುದಕ್ಕೆ ನೀವೇ ಹೌದು ಎಂದಿದ್ದೀರಿ, ನಾನೂ ಒಪ್ಪುತ್ತೇನೆ. ಒಂದೇ ಏಟಿಗೆ ಬದಲಿಸಬೇಕೆ ಎಂಬುದು ಇನ್ನೊಂದು. ನೀವು ಬರೆದಿರುವ ಪರಿಸ್ಥಿತಿಯಲ್ಲಿ ಅದಕ್ಕೆ ನನ್ನ ಉತ್ತರ ಬೇಡ ಎಂದೇ. ಸಾಫ್ಟ್‌ವೇರ್‌ಗೆ ವಯಸ್ಸಾಗಿದೆ ಎನ್ನುವುದಕ್ಕಿಂತ ದೊಡ್ಡ ತೊಂದರೆ ನಿಮ್ಮಲ್ಲಿದೆ: ದಾಖಲೆಯಲ್ಲಿರುವ ನೆಟ್‌ವರ್ಕ್ ಬೇರೆ, ನೆಲದ ಮೇಲಿರುವ ನೆಟ್‌ವರ್ಕ್ ಬೇರೆ. ಆ ಅಂತರವನ್ನು ಹಾಗೇ ಹೊತ್ತುಕೊಂಡು ಹೋದರೆ ಎಷ್ಟು ಹೊಸ ಸಿಸ್ಟಂ ತಂದರೂ ಅದೇ ಆರ್ಡರ್‌ಗಳು ಅಲ್ಲಲ್ಲೇ ನಿಲ್ಲುತ್ತವೆ.

ಈ ಕ್ಷೇತ್ರದಲ್ಲಿ ಇಲ್ಲದ ಓದುಗರಿಗಾಗಿ ಒಂದು ಮಾತು. ಬಿಲ್, ಗ್ರಾಹಕರ ಖಾತೆ, ಪ್ಲಾನ್‌ಗಳ ಮಾರಾಟ ನೋಡಿಕೊಳ್ಳುವುದು ಬಿಎಸ್‌ಎಸ್. ಮಾರಿದ ಸೇವೆಯನ್ನು ನೆಟ್‌ವರ್ಕ್‌ನಲ್ಲಿ ನಿಜವಾಗಿ ಹುಟ್ಟಿಸಿ, ಕೆಟ್ಟಾಗ ಪತ್ತೆ ಹಚ್ಚಿ, ಯಾವ ಪೋರ್ಟ್‌ನಲ್ಲಿ ಯಾರಿದ್ದಾರೆ ಎಂದು ಲೆಕ್ಕ ಇಡುವುದು ಓಎಸ್‌ಎಸ್. ಗ್ರಾಹಕರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಹೊಸ ಸಂಪರ್ಕ ತಡವಾದಾಗ, "ನಿಮ್ಮ ಕಡೆ ಎಲ್ಲ ಸರಿ ಇದೆ" ಎಂದು ಕಾಲ್ ಸೆಂಟರ್ ಹೇಳುತ್ತಿರುವಾಗಲೂ ಲೈನ್ ಸತ್ತಿರುವಾಗ, ಅವರಿಗೆ ತಟ್ಟುವುದು ಇದರ ಕೊರತೆಯೇ.

ಹಳೆಯದು ಹೀಗೇಕೆ ಬೆಳೆಯಿತು

ನಿಮ್ಮ ಮೂರು ಇನ್ವೆಂಟರಿಗಳನ್ನು ಯಾರೋ ಬುದ್ಧಿಯಿಲ್ಲದವರು ಕಟ್ಟಿಟ್ಟರು ಎಂದುಕೊಳ್ಳಬೇಡಿ. ಅಮೆರಿಕದ ಬೆಲ್ ಸಿಸ್ಟಂನಲ್ಲಿ 1970ರ ದಶಕದಲ್ಲೇ ಟ್ರಂಕ್‌ಗಳ (ಎಕ್ಸ್‌ಚೇಂಜ್‌ಗಳ ನಡುವಿನ ಲೈನ್‌ಗಳ) ಲೆಕ್ಕಕ್ಕೆ 'ಟಿರ್ಕ್ಸ್' ಎಂಬ ಮೇನ್‌ಫ್ರೇಮ್ ಸಿಸ್ಟಂ ಇತ್ತು. 1984ರಲ್ಲಿ ಬೆಲ್ ಒಡೆದ ಮೇಲೂ ಅಂಥ ಸಿಸ್ಟಂಗಳು ದಶಕಗಟ್ಟಲೆ ಬದುಕಿದವು, ಏಕೆಂದರೆ ಅವು ಕೆಲಸ ಮಾಡುತ್ತಿದ್ದವು. ಆಮೇಲೆ ಬಂದ ಪ್ರತಿಯೊಂದು ತಂತ್ರಜ್ಞಾನವೂ ತನ್ನದೇ ನಿರ್ವಹಣಾ ಸಿಸ್ಟಂ ಹೊತ್ತು ತಂದಿತು. ಎಸ್‌ಡಿಎಚ್‌ಗೆ ಒಂದು, ಡಿಎಸ್‌ಎಲ್‌ಗೆ ಒಂದು, 3ಜಿಗೆ ಒಂದು, ಜಿಪಾನ್‌ಗೆ ಇನ್ನೊಂದು. ಪ್ರತಿ ಉಪಕರಣ ತಯಾರಕರದ್ದೂ ಬೇರೆ ಇಎಂಎಸ್ (ಆ ಉಪಕರಣಗಳನ್ನು ನಿರ್ವಹಿಸುವ ಸಾಫ್ಟ್‌ವೇರ್), ಪ್ರತಿ ಇಎಂಎಸ್‌ಗೂ ಬೇರೆ ಅಡಾಪ್ಟರ್.

ಉಪಕರಣಗಳ ಜತೆ ಮಾತನಾಡುವ ಭಾಷೆಯೂ ಒಂದೇ ಆಗಿರಲಿಲ್ಲ. ಟಿಎಲ್‌1, ಸಿಎಂಐಪಿ, ಕೋರ್ಬಾ, ಎಸ್‌ಎನ್‌ಎಂಪಿ ಎಲ್ಲವೂ ಬಂದವು. ಎಸ್‌ಎನ್‌ಎಂಪಿ ಗಮನಿಸುವುದಕ್ಕೆ ಒಗ್ಗಿತು, ಕಾನ್ಫಿಗರೇಶನ್ ಬರೆಯುವುದಕ್ಕೆ ಒಗ್ಗಲಿಲ್ಲ. 2002ರಲ್ಲಿ ಇಂಟರ್ನೆಟ್ ಆರ್ಕಿಟೆಕ್ಚರ್ ಬೋರ್ಡ್ ನಡೆಸಿದ ಕಾರ್ಯಾಗಾರದಲ್ಲಿ ಆಪರೇಟರ್‌ಗಳು ಇದನ್ನು ನೇರವಾಗಿಯೇ ಹೇಳಿದರು. ಅಲ್ಲಿಂದ ಮುಂದೆ ಕಾನ್ಫಿಗರೇಶನ್ ಬರೆಯಲೆಂದೇ 2006ರಲ್ಲಿ ನೆಟ್‌ಕಾನ್ಫ್, ಅದರ ವಿವರಗಳನ್ನು ವರ್ಣಿಸಲು 2010ರಲ್ಲಿ ಯಾಂಗ್ ಬಂದವು. ಅಷ್ಟರಲ್ಲಿ ಎಲ್ಲ ಕಡೆ ಸಿಎಲ್‌ಐ (ಆದೇಶಗಳನ್ನು ಟೈಪ್ ಮಾಡುವ) ಪರದೆಯನ್ನು ಓದಿ ಆದೇಶ ಕೊಡುವ ಸ್ಕ್ರಿಪ್ಟ್‌ಗಳು ಬೇರೂರಿದ್ದವು. ನಿಮ್ಮಲ್ಲಿರುವ 'ಲೆಕ್ಕವಿಲ್ಲದ ಸ್ಕ್ರಿಪ್ಟ್'ಗಳ ವಂಶಾವಳಿ ಅದೇ.

ಆ ಸ್ಕ್ರಿಪ್ಟ್‌ಗಳಲ್ಲಿ ನಿಮ್ಮ ಸಂಸ್ಥೆಯ ಎಲ್ಲೂ ಬರೆದಿಡದ ನಿಯಮಗಳಿವೆ. ಇಂಥ ತಯಾರಕರ ಇಂಥ ಆವೃತ್ತಿಯ ಕಾರ್ಡ್‌ಗೆ ಆದೇಶವನ್ನು ಎರಡು ಸಲ ಕಳಿಸಬೇಕು, ಇಂಥ ಗ್ರಾಹಕರ ಲೈನ್ ಆ ರಿಂಗ್ ಮೇಲೆ ಹೋಗಕೂಡದು ಎಂಬಂಥವು. ಹಳೆಯದನ್ನು ಕಿತ್ತರೆ ಕೋಡ್ ಜತೆ ಈ ತಿಳಿವಳಿಕೆಯೂ ಹೋಗುತ್ತದೆ. ನಿಮ್ಮ ಹಿರಿಯರ ನಿವೃತ್ತಿಯ ಬಗ್ಗೆ ನೀವು ಆತಂಕಪಡುತ್ತಿರುವುದು ಸರಿಯಾಗಿಯೇ ಇದೆ. ಅದಕ್ಕೆ ಕೆಳಗೆ ಬರುತ್ತೇನೆ.

"ಡೇಟಾ ತಾನಾಗಿ ಸರಿಹೋಗುತ್ತದೆ"

ವೆಂಡರ್ ಹೇಳಿದ ಮೂರು ಮಾತುಗಳಲ್ಲಿ ನನಗೆ ಅತಿ ಅಪಾಯಕಾರಿ ಅನಿಸುವುದು ಇದು. ಇನ್ವೆಂಟರಿ ಹೇಗೆ ಕೆಡುತ್ತದೆ ಎಂದು ನೋಡಿದರೆ ಕಾರಣ ತಿಳಿಯುತ್ತದೆ. ನಡುರಾತ್ರಿ ಕಾರ್ಡ್ ಸುಟ್ಟಿತು; ಫೀಲ್ಡ್ ಎಂಜಿನಿಯರ್ ಪಕ್ಕದ ಸ್ಲಾಟ್‌ಗೆ ಬದಲಿ ಕಾರ್ಡ್ ಹಾಕಿ ಸೇವೆ ಎಬ್ಬಿಸಿದರು. ಅವರು ಮಾಡಿದ್ದು ಸರಿಯೇ. ಆದರೆ ದಾಖಲೆ ತಿದ್ದುವ ಟಿಕೆಟ್ ಯಾರೂ ತೆರೆಯಲಿಲ್ಲ. ಇನ್ನೊಂದು ಕಡೆ ಗ್ರಾಹಕರು ಆರ್ಡರ್ ಅರ್ಧದಲ್ಲೇ ರದ್ದು ಮಾಡಿದರು. ಬಿಎಸ್‌ಎಸ್‌ನಲ್ಲಿ ರದ್ದಾಯಿತು, ಓಎಸ್‌ಎಸ್‌ನಲ್ಲಿ ಆ ಪೋರ್ಟ್ 'ಕಾದಿರಿಸಲಾಗಿದೆ' ಎಂದೇ ಕುಳಿತುಬಿಟ್ಟಿತು. ಮತ್ತೊಂದು ಕಡೆ ಯೋಜನಾ ವಿಭಾಗದವರು ನಕ್ಷೆಯಲ್ಲಿ ಬರೆದ ಸ್ಪ್ಲಿಟರ್ (ಒಂದು ಫೈಬರ್ ಅನ್ನು ಹಲವು ಗ್ರಾಹಕರಿಗೆ ಕವಲೊಡೆಸುವ ಸಾಧನ) ನಿಜದಲ್ಲಿ ಮುಂದಿನ ಕಂಬಕ್ಕೆ ಹೋಯಿತು. ಇಂಥವು ದಿನಕ್ಕೆ ಕೆಲವೇ ಆದರೂ ವರ್ಷಗಳು ಉರುಳಿದಾಗ ದಾಖಲೆಯನ್ನು ಯಾರೂ ನಂಬದ ಸ್ಥಿತಿ ಬರುತ್ತದೆ. ಆಗ ಪ್ರತಿ ತಂಡವೂ ತನ್ನದೇ ಎಕ್ಸೆಲ್ ಹಾಳೆ ಇಟ್ಟುಕೊಳ್ಳುತ್ತದೆ. ನಿಮ್ಮಲ್ಲಿ ಮೂರು ಇನ್ವೆಂಟರಿ ಎಂದಿದ್ದೀರಿ. ಆ ಹಾಳೆಗಳನ್ನೂ ಸೇರಿಸಿ ಎಣಿಸಿ ನೋಡಿ.

ಇದರ ಪೆಟ್ಟು ಎರಡು ಕಡೆ ಬೀಳುತ್ತದೆ. ಖಾಲಿ ಎಂದು ದಾಖಲೆಯಲ್ಲಿರುವ ಪೋರ್ಟ್ ನಿಜದಲ್ಲಿ ತುಂಬಿದ್ದರೆ ಆ್ಯಕ್ಟಿವೇಶನ್ ಸೋಲುತ್ತದೆ, ಆರ್ಡರ್ ಫಾಲ್‌ಔಟ್ ಸಾಲಿಗೆ ಬೀಳುತ್ತದೆ, ಮನುಷ್ಯರೊಬ್ಬರು ಅದನ್ನು ಎತ್ತಿ ಬಿಡಿಸಬೇಕಾಗುತ್ತದೆ. ತುಂಬಿದೆ ಎಂದಿರುವ ಪೋರ್ಟ್ ನಿಜದಲ್ಲಿ ಖಾಲಿಯಿದ್ದರೆ ಯಾರೂ ದೂರುವುದಿಲ್ಲ. ಜಾಗವಿದ್ದೂ ಇಲ್ಲವೆಂದುಕೊಂಡು ಹೊಸ ಕಾರ್ಡ್ ಕೊಳ್ಳುತ್ತೀರಿ. ಎರಡನೆಯ ನಷ್ಟ ಸದ್ದಿಲ್ಲದ್ದು, ಹಾಗಾಗಿ ಹೆಚ್ಚು ಕಾಲ ಉಳಿಯುವಂಥದ್ದು.

ಹೊಸ ಸಿಸ್ಟಂ ಇದನ್ನು ಹೇಗೆ ಸರಿಪಡಿಸೀತು? ಅದು ಕೊಟ್ಟದ್ದನ್ನು ತುಂಬಿಕೊಳ್ಳುತ್ತದೆ, ಅಥವಾ ತನ್ನ ನಿಯಮಕ್ಕೆ ಒಗ್ಗದ್ದನ್ನು ತಿರಸ್ಕರಿಸುತ್ತದೆ. ನಾನು ಹತ್ತಿರದಿಂದ ಕಂಡ ವಲಸೆ ಯೋಜನೆಗಳಲ್ಲಿ ವೇಳಾಪಟ್ಟಿ ಜಾರಲು ಶುರುವಾಗುವುದು ಬಹುತೇಕ ಇಲ್ಲೇ. ಮೊದಲ ಡೇಟಾ ಲೋಡ್‌ನಲ್ಲಿ ರಾಶಿ ರಾಶಿ ದಾಖಲೆಗಳು ವಾಪಸ್ ಬರುತ್ತವೆ. ಗಡುವು ಹತ್ತಿರ ಬಂದಾಗ ಯಾರೋ ಒಬ್ಬರು ಪರಿಶೀಲನಾ ನಿಯಮಗಳನ್ನೇ ಸಡಿಲಿಸಿ ಎಲ್ಲವನ್ನೂ ಒಳಗೆ ತಳ್ಳುತ್ತಾರೆ. ಅಂದಿನಿಂದ ಹೊಸ ಸಿಸ್ಟಂ ಮೇಲೂ ಯಾರಿಗೂ ನಂಬಿಕೆ ಇರುವುದಿಲ್ಲ.

ಮಾಡಬೇಕಾದದ್ದು ರಿಕನ್ಸಿಲಿಯೇಶನ್. ನೆಟ್‌ವರ್ಕ್‌ನಿಂದಲೇ ಮಾಹಿತಿ ಎಳೆದು ದಾಖಲೆಯ ಜತೆ ಹೋಲಿಸಿ, ವ್ಯತ್ಯಾಸಗಳನ್ನು ವಿಂಗಡಿಸಿ ತಿದ್ದುವುದು. ಇದಕ್ಕೆ ಹೊಸ ಸಿಸ್ಟಂ ಬರುವವರೆಗೆ ಕಾಯಬೇಕಿಲ್ಲ. ಹಳೆಯದರ ಮೇಲೆ ನಾಳೆಯಿಂದಲೇ ಶುರುಮಾಡಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ. "ನೆಟ್‌ವರ್ಕ್ ಹೇಳಿದ್ದೇ ಸತ್ಯ" ಎಂಬ ಸರಳ ನಿಯಮ ಹಾಕಿಬಿಟ್ಟರೆ ಕೆಡುತ್ತೀರಿ. ಕಾರ್ಡ್ ಯಾವ ಸ್ಲಾಟ್‌ನಲ್ಲಿದೆ, ಪೋರ್ಟ್‌ನಲ್ಲಿ ಯಾವ ವಿಲ್ಯಾನ್ (ಒಂದೇ ಲೈನ್‌ನಲ್ಲಿ ಬೇರ್ಪಡಿಸಿದ ದಾರಿ) ಇದೆ ಎಂಬುದನ್ನು ನೆಟ್‌ವರ್ಕ್ ಹೇಳಬಲ್ಲದು. ಆ ವಿಲ್ಯಾನ್ ಯಾವ ಗ್ರಾಹಕರದ್ದು, ಅದು ಅಲ್ಲಿ ಇರಬೇಕಿತ್ತೇ ಎಂಬುದನ್ನು ಹೇಳಲಾರದು. ಯಾರೋ ತಪ್ಪಾಗಿ ಹಾಕಿದ ಕಾನ್ಫಿಗರೇಶನ್ ಕೂಡ ನೆಟ್‌ವರ್ಕ್‌ನ ಕಣ್ಣಿನಲ್ಲಿ ಸತ್ಯವೇ. ಆದ್ದರಿಂದ ಯಾವ ವಿವರಕ್ಕೆ ಯಾರ ಮಾತು ಅಂತಿಮ ಎಂದು ಒಂದೊಂದಾಗಿ ತೀರ್ಮಾನಿಸಬೇಕು. ಇದು ಬೇಸರದ ಕೆಲಸ, ಆದರೆ ಇಡೀ ಯೋಜನೆಯಲ್ಲಿ ಇದಕ್ಕಿಂತ ಬೆಲೆಬಾಳುವ ಕೆಲಸ ಇನ್ನೊಂದಿಲ್ಲ.

ನಿಷ್ಕ್ರಿಯ ಭಾಗದ ಪಾಡು ಇನ್ನೂ ಕಷ್ಟ. ಫೈಬರ್ ಜೋಡಣೆ, ಡಕ್ಟ್, ಪ್ಯಾಚ್ ಪ್ಯಾನೆಲ್, ಸ್ಪ್ಲಿಟರ್‌ಗಳಿಗೆ ಕರೆಂಟೂ ಇಲ್ಲ, ಐಪಿ ವಿಳಾಸವೂ ಇಲ್ಲ. ಯಾವ ಡಿಸ್ಕವರಿ ಸಾಧನವೂ ಅವನ್ನು ನೇರವಾಗಿ ನೋಡಲಾರದು. ಓಎಲ್‌ಟಿಯ (ನಿಮ್ಮ ಬದಿಯ ಫೈಬರ್ ಉಪಕರಣದ) ಯಾವ ಪೋರ್ಟ್‌ನಲ್ಲಿ ಯಾವ ಗ್ರಾಹಕ ಸಾಧನ ಕಾಣಿಸುತ್ತಿದೆ ಎಂಬುದರಿಂದ ಒಂದಷ್ಟು ಊಹಿಸಬಹುದು. ಉಳಿದದ್ದಕ್ಕೆ ಯಾರಾದರೂ ಕಂಬದ ಬಳಿ ನಿಂತು ನೋಡಲೇಬೇಕು. ದುರಸ್ತಿಗೆ ಹೋದಾಗೆಲ್ಲ ಫೀಲ್ಡ್ ತಂಡದವರು ಮೊಬೈಲ್‌ನಲ್ಲೇ ಖಚಿತಪಡಿಸಿ ತಿದ್ದುವ ಅವಕಾಶ ಕೊಡಿ. ತಿದ್ದುವುದಕ್ಕೆ ತಗಲುವ ನಿಮಿಷಗಳನ್ನು ಅವರ ದಿನದ ಟಿಕೆಟ್ ಗುರಿಯಿಂದ ಕಳೆಯಿರಿ. ಹಾಗೆ ಕಳೆಯದಿದ್ದರೆ ಆ ಆ್ಯಪ್ ಯಾರೂ ಮುಟ್ಟುವುದಿಲ್ಲ.

ಎಪಿಐ ಮತ್ತು ಎಐ

ಟಿಎಂ ಫೋರಂ 1988ರಿಂದ ಇರುವ ಸಂಸ್ಥೆ. ಅವರ ಓಪನ್ ಎಪಿಐಗಳನ್ನು ನಾನು ಮೆಚ್ಚುತ್ತೇನೆ, ಬಳಸಿ ಎನ್ನುತ್ತೇನೆ. ಸೇವಾ ಆರ್ಡರ್‌ಗೆ ಟಿಎಂಎಫ್ 641, ಸೇವಾ ಇನ್ವೆಂಟರಿಗೆ 638, ಸಂಪನ್ಮೂಲ ಇನ್ವೆಂಟರಿಗೆ 639, ಅಲಾರ್ಮ್‌ಗಳಿಗೆ 642 ಹೀಗೆ ಒಂದೊಂದಕ್ಕೂ ಗೊತ್ತಾದ ರೂಪವಿದೆ. ಆದರೆ ಅವು ನಿಗದಿ ಮಾಡುವುದು ಪತ್ರದ ಹೊರರೂಪವನ್ನು. ಒಳಗಿನ ವಿವರಗಳು, ಅಂದರೆ 'ವೇಗ' ಎಂದು ಬರೆಯುತ್ತೀರೋ 'ಬ್ಯಾಂಡ್‌ವಿಡ್ತ್' ಎಂದೋ, ಬ್ಯಾಕಪ್ ಲೈನ್ ಬೇರೆ ಸೇವೆಯೋ ಅದೇ ಸೇವೆಯ ಭಾಗವೋ, ಇವೆಲ್ಲ ನಿಮ್ಮ ಸೇವಾ ಕ್ಯಾಟಲಾಗ್‌ಗೆ ಬಿಟ್ಟದ್ದು. ಎರಡು ಸಿಸ್ಟಂಗಳೂ ಪರೀಕ್ಷೆ ಪಾಸಾಗಿರಬಹುದು, ಆದರೂ ಒಂದರ ಮಾತು ಇನ್ನೊಂದಕ್ಕೆ ತಿಳಿಯದೆ ಹೋಗಬಹುದು. ಪ್ರಮಾಣಪತ್ರ ತೋರಿಸಿದ ವೆಂಡರ್‌ಗೆ ನಿಮ್ಮ ಅತಿ ತೊಡಕಿನ ಲೀಸ್ಡ್ ಲೈನ್ ಆರ್ಡರ್ ಕೊಡಿ: ಎರಡು ತುದಿ, ಒಂದು ಬ್ಯಾಕಪ್ ಮಾರ್ಗ, ನಡುವೆ ಬೇರೆ ಸಂಸ್ಥೆಯಿಂದ ಬಾಡಿಗೆಗೆ ಪಡೆದ ಒಂದು ತುಂಡು ಇರುವಂಥದ್ದು. ಅದನ್ನು ಅವರ ಎಪಿಐ ಮೂಲಕ ನಿಮ್ಮ ಕಣ್ಣೆದುರೇ ಓಡಿಸಲಿ. ಆರ್ಡರ್ ಹಾಕುವುದನ್ನಷ್ಟೇ ನೋಡಿ ಸಮಾಧಾನಪಡಬೇಡಿ. ಅರ್ಧ ದಾರಿಯಲ್ಲಿ ಅದನ್ನು ಬದಲಿಸಿ, ಆಮೇಲೆ ರದ್ದು ಮಾಡಿ ತೋರಿಸಲು ಹೇಳಿ. ಹೊಸ ಸಿಸ್ಟಂಗಳು ಎಡವುವುದು ಹೆಚ್ಚಾಗಿ ಈ ಬದಲಾವಣೆ, ರದ್ದತಿಗಳಲ್ಲೇ.

ಎಐ ವಿಷಯಕ್ಕೆ ಬರೋಣ. ಅಲಾರ್ಮ್‌ಗೆ ಎಷ್ಟು ತೀವ್ರತೆ, ಏನು ಕಾರಣ ಎಂದು ನಮೂದಿಸುವ ಕ್ರಮವನ್ನು ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯುವಿನ ಎಕ್ಸ್.733 ಶಿಫಾರಸು 1992ರಲ್ಲೇ ಗೊತ್ತುಮಾಡಿತು. ಆ ಕ್ರಮ ಇದ್ದರೂ ತಯಾರಕರು ಚಿಕ್ಕಪುಟ್ಟದ್ದಕ್ಕೂ 'ಕ್ರಿಟಿಕಲ್' ಹಚ್ಚುತ್ತಾರೆ. ಒಂದು ಫೈಬರ್ ತುಂಡಾದರೆ ಅದರ ಮೇಲೆ ಹೋಗುವ ಪ್ರತಿ ಲಿಂಕ್, ಪ್ರತಿ ಬೇಸ್ ಸ್ಟೇಷನ್ ತನ್ನ ತನ್ನ ದೂರು ಕೂಗುತ್ತದೆ. ಒಟ್ಟಿಗೇ ಬಂದ ಅಲಾರ್ಮ್‌ಗಳನ್ನು ಕಾಲದ ಆಧಾರದ ಮೇಲೆ ಗುಂಪುಗೂಡಿಸುವುದು ಮಷೀನ್ ಲರ್ನಿಂಗ್‌ಗೆ ಚೆನ್ನಾಗಿ ಬರುತ್ತದೆ, ಅದರಿಂದ ಎನ್‌ಓಸಿಯವರಿಗೆ (ನೆಟ್‌ವರ್ಕ್ ನಿಗಾ ಕೇಂದ್ರದವರಿಗೆ) ನಿಜವಾದ ಉಪಕಾರವೂ ಆಗುತ್ತದೆ. ಆದರೆ ಆ ಗುಂಪಿನಲ್ಲಿ ಮೂಲ ಯಾವುದು, ಯಾವ ಗ್ರಾಹಕರಿಗೆ ಪೆಟ್ಟು ಬಿತ್ತು ಎಂದು ಹೇಳಲು ಯಾವುದು ಯಾವುದರ ಮೇಲೆ ನಿಂತಿದೆ ಎಂಬ ಟೋಪಾಲಜಿ ಬೇಕು. ಟೋಪಾಲಜಿ ಬರುವುದು ಇನ್ವೆಂಟರಿಯಿಂದ. ಸುತ್ತಿ ಬಳಸಿ ಮತ್ತೆ ಅದೇ ಡೇಟಾಗೆ ಬಂದೆವು.

ಎಐ ತರುವ ಮೊದಲು, ನಿಮ್ಮ ಅಲಾರ್ಮ್‌ಗಳಲ್ಲಿ ಯಾರೂ ಎಂದೂ ಕ್ರಮ ಕೈಗೊಳ್ಳದವು ಯಾವುವು ಎಂದು ಪಟ್ಟಿ ಮಾಡಿ ಅವನ್ನು ಮೂಲದಲ್ಲೇ ನಿಲ್ಲಿಸಿ. ಯೋಜಿತ ಕೆಲಸ ನಡೆಯುವಾಗ ಆ ಜಾಗದ ಅಲಾರ್ಮ್‌ಗಳು ತಾವಾಗಿ ಮೌನವಾಗುವಂತೆ ಮಾಡಿ. ಇದಕ್ಕೆ ಹೊಸದೇನನ್ನೂ ಕೊಳ್ಳಬೇಕಿಲ್ಲ. ತಾನಾಗಿ ದುರಸ್ತಿ ಮಾಡುವ ಹಂತಕ್ಕೆ ಬಂದಾಗ ಮೊದಲು ಸಿಸ್ಟಂ ಸಲಹೆ ಕೊಡಲಿ, ಮನುಷ್ಯರು ಒಪ್ಪಲಿ. ಒಪ್ಪಿಗೆ ಬದಲಾಗದೆ ಮರುಕಳಿಸುತ್ತಿರುವ, ಹಿಂದಕ್ಕೆ ತಿರುಗಿಸಬಹುದಾದ ಕ್ರಮಗಳನ್ನಷ್ಟೇ ಅದರ ಕೈಗೆ ಕೊಡಿ.

ದಾರಿಗಳು ಮತ್ತು ಅವುಗಳ ಅಪಾಯ

ಏನೂ ಮಾಡದೆ ತೇಪೆ ಹಾಕುತ್ತ ಹೋಗುವುದೂ ಒಂದು ದಾರಿಯೇ. ನಿಮ್ಮ ಮಟ್ಟಿಗೆ ಅದು ಮುಗಿದ ದಾರಿ; ತಿಳಿದವರು ನಿವೃತ್ತರಾಗುತ್ತಿದ್ದಾರೆ, 5ಜಿಯ ಸ್ಲೈಸಿಂಗ್‌ನಂಥ (ಒಂದೇ ನೆಟ್‌ವರ್ಕನ್ನು ಹಲವು ಪಾಲು ಮಾಡಿ ಕೊಡುವ) ಸೇವೆಗಳನ್ನು ಕೈಯಲ್ಲಿ ಟೈಪ್ ಮಾಡಿ ನಡೆಸಲಾಗದು.

ಒಂದೇ ರಾತ್ರಿಯ ಕಟ್‌ಓವರ್ (ಹಳೆಯದನ್ನು ನಿಲ್ಲಿಸಿ ಹೊಸದಕ್ಕೆ ದಾಟುವುದು) ಇನ್ನೊಂದು. ಇದರ ಆಕರ್ಷಣೆ ನನಗೆ ಅರ್ಥವಾಗುತ್ತದೆ: ಎರಡು ಸಿಸ್ಟಂಗಳನ್ನು ಒಟ್ಟಿಗೆ ಸಾಕುವ ಖರ್ಚಿಲ್ಲ, ನಡುವಿನ ತಾತ್ಕಾಲಿಕ ಜೋಡಣೆಗಳಿಲ್ಲ. ಪಕ್ಕದ ಕ್ಷೇತ್ರದ ಒಂದು ಉದಾಹರಣೆಯನ್ನು ನಿಮ್ಮ ಮಂಡಳಿಯ ಮುಂದಿಡಿ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ತನ್ನ ಗ್ರಾಹಕರ ಡೇಟಾವನ್ನು ಹೊಸ ಐಟಿ ವೇದಿಕೆಗೆ ಸಾಗಿಸಿತು. ಡೇಟಾ ಸರಿಯಾಗಿಯೇ ಹೋಯಿತು, ಕುಸಿದದ್ದು ವೇದಿಕೆ. ಬ್ಯಾಂಕಿಗಿದ್ದ 52 ಲಕ್ಷ ಗ್ರಾಹಕರಲ್ಲಿ ದೊಡ್ಡ ಪಾಲಿನವರಿಗೆ ತೊಂದರೆಯಾಯಿತು, ಎಲ್ಲ ಸಹಜ ಸ್ಥಿತಿಗೆ ಬರಲು ಅದೇ ವರ್ಷದ ಡಿಸೆಂಬರ್ ಆಯಿತು. 2022ರಲ್ಲಿ ನಿಯಂತ್ರಕರು 4.865 ಕೋಟಿ ಪೌಂಡ್ ದಂಡ ಹಾಕಿದರು. ಒಮ್ಮೆಲೇ ಸಾಗಿಸಿದಾಗ ತಪ್ಪು ಕಾಣುವುದು ಎಲ್ಲ ಗ್ರಾಹಕರೂ ಆಚೆ ದಾಟಿದ ಮೇಲೆ. ಹಾಗೆಂದು ಒಂದೇ ಏಟಿನ ದಾರಿ ಯಾರಿಗೂ ಸಲ್ಲದು ಎನ್ನಲಾರೆ. ಒಂದೇ ತಂತ್ರಜ್ಞಾನ, ಕೆಲವೇ ಪ್ಲಾನ್‌ಗಳು, ಶುದ್ಧ ಡೇಟಾ ಇರುವ ಸಣ್ಣ ಸಂಸ್ಥೆಗೆ ಅದೇ ಅಗ್ಗದ ದಾರಿ. ನಿಮಗೆ ಆ ಮೂರರಲ್ಲಿ ಒಂದೂ ಇಲ್ಲ.

ಮೂರನೆಯದು ಹಳೆಯದಕ್ಕೆ ಬೀಗ ಹಾಕಿ, ಹೊಸ ಸೇವೆಗಳನ್ನು ಮಾತ್ರ ಹೊಸ ಸಿಸ್ಟಂನಲ್ಲಿ ಬೆಳೆಸುವುದು. ಶುರು ಚೆನ್ನಾಗಿರುತ್ತದೆ. ತೊಡಕು ಬರುವುದು ಒಬ್ಬರೇ ಗ್ರಾಹಕರು ಎರಡೂ ಕಡೆ ಇದ್ದಾಗ, ಒಂದೇ ಫೈಬರ್ ಎರಡೂ ಪೀಳಿಗೆಯ ಸೇವೆ ಹೊತ್ತಾಗ. ಜತೆಗೆ ಹಳೆಯದು ಎಂದಿಗೂ ಸಾಯುವುದಿಲ್ಲ.

ನಾಲ್ಕನೆಯದನ್ನು ಸಾಫ್ಟ್‌ವೇರ್‌ನವರು ಸ್ಟ್ರ್ಯಾಂಗ್ಲರ್ ಎಂದು ಕರೆಯುತ್ತಾರೆ. ಇನ್ನೊಂದು ಮರದ ಕವಲಿನಲ್ಲಿ ಮೊಳೆತ ಆಲ ಮೆಲ್ಲಗೆ ಬೇರಿಳಿಸಿ ಕೊನೆಗೆ ತಾನೇ ನಿಲ್ಲುವ ಹಾಗೆ, ಹಳೆಯದರ ಮುಂದೆ ಒಂದು ಎಪಿಐ ಪದರ ನಿಲ್ಲಿಸಿ, ಅದರ ಹಿಂದೆ ಒಂದೊಂದೇ ಕೆಲಸವನ್ನು ಹೊಸದಕ್ಕೆ ಸರಿಸುತ್ತ ಬರುವುದು. ನಿಮಗೆ ನಾನು ಹೇಳುವುದು ಇದನ್ನೇ. ಇದರಲ್ಲೂ ಅಪಾಯಗಳಿವೆ, ಮುಚ್ಚಿಡುವುದಿಲ್ಲ. ಒಂದೇ ವಿವರವನ್ನು ಎರಡು ಕಡೆ ತಿದ್ದಲು ಬಿಟ್ಟರೆ ಮೂರು ಇನ್ವೆಂಟರಿ ನಾಲ್ಕಾಗುತ್ತವೆ; ಯಾವುದೇ ಕ್ಷಣದಲ್ಲಿ ಪ್ರತಿ ವಿವರಕ್ಕೂ ಒಬ್ಬನೇ ಯಜಮಾನ, ಉಳಿದದ್ದೆಲ್ಲ ಓದುವ ಪ್ರತಿ ಎಂಬುದು ಕಲ್ಲಿನಲ್ಲಿ ಕೊರೆದ ನಿಯಮವಾಗಿರಲಿ. ನಡುವಿನ ಪದರದಲ್ಲಿ ವ್ಯವಹಾರ ನಿಯಮಗಳನ್ನು ತುಂಬುತ್ತ ಹೋದರೆ ಅದೇ ಮುಂದಿನ ಹಳೆಯ ಸಿಸ್ಟಂ ಆಗುತ್ತದೆ. ಇನ್ನೊಂದು, ಯೋಜನೆ ಮುಕ್ಕಾಲು ಭಾಗ ಬಂದಾಗ ಹಣ ನಿಲ್ಲುವುದು. ಸುಲಭದ ಮುಕ್ಕಾಲು ದಾಟಿರುತ್ತದೆ. ಕಷ್ಟದ ಕಾಲು ಭಾಗಕ್ಕಾಗಿ ಹಳೆಯದನ್ನು ಪೂರ್ತಿ ಖರ್ಚಿನಲ್ಲಿ ಸಾಕಬೇಕಾಗುತ್ತದೆ. ಇದನ್ನು ತಡೆಯಲು ಪ್ರತಿ ಹಂತದ ಬಜೆಟ್ ಒಳಗೇ ಆ ಹಂತದಲ್ಲಿ ಯಾವ ಹಳೆಯ ಸರ್ವರ್ ಆಫ್ ಆಗುತ್ತದೆ, ಯಾವ ಲೈಸೆನ್ಸ್ ನಿಲ್ಲುತ್ತದೆ ಎಂದು ಬರೆದಿಡಿ. ಅದು ಆಫ್ ಆಗದೆ ಹಂತ ಮುಗಿಯಿತೆಂದು ಯಾರೂ ಸಹಿ ಹಾಕಬಾರದು.

ಯಾವುದನ್ನು ಮೊದಲು ಸರಿಸಬೇಕು ಎಂಬುದಕ್ಕೆ ನಾನು ಬಳಸುವ ಅಳತೆ ಇದು: ಓದುವ ಕೆಲಸ ಮೊದಲು, ಬರೆಯುವ ಕೆಲಸ ಆಮೇಲೆ. ಅಲಾರ್ಮ್, ಪರ್ಫಾರ್ಮೆನ್ಸ್ ಮಾಹಿತಿಯನ್ನು ಎರಡು ಸಿಸ್ಟಂಗಳಿಗೂ ಒಟ್ಟಿಗೆ ಹರಿಸಿ ತಿಂಗಳುಗಟ್ಟಲೆ ಹೋಲಿಸಬಹುದು, ನೆಟ್‌ವರ್ಕ್‌ಗೆ ಅದರಿಂದ ಹೆಚ್ಚಿನ ಹಾನಿಯಿಲ್ಲ. ಆ್ಯಕ್ಟಿವೇಶನ್ ಹಾಗಲ್ಲ. ಒಂದೇ ರೂಟರ್‌ಗೆ ಎರಡು ಸಿಸ್ಟಂಗಳು ಕಾನ್ಫಿಗರೇಶನ್ ಬರೆದರೆ ಒಂದು ಇಟ್ಟದ್ದನ್ನು ಇನ್ನೊಂದು ಅಳಿಸುತ್ತದೆ. ಹಾಗಾಗಿ ಅದನ್ನು ಸೇವೆಯ ವಿಧ, ಪ್ರದೇಶ ಎಂದು ತುಂಡು ಮಾಡಿ ಸರಿಸಿ; ಸರಿಸಿದ ಉಪಕರಣದ ಮೇಲೆ ಹಳೆಯದರ ಬರೆಯುವ ಹಕ್ಕನ್ನು ಅದೇ ದಿನ ಕಿತ್ತುಕೊಳ್ಳಿ.

ಇದರ ಜತೆಗೆ ಹಳೆಯ ಪ್ಲಾನ್‌ಗಳನ್ನು ಕಡಿಮೆ ಮಾಡಿಸಿ. ಇದು ಮಾರ್ಕೆಟಿಂಗ್‌ನವರ ಕೈಲಿರುವ ವಿಷಯವಾದ್ದರಿಂದ ಆಪರೇಷನ್ಸ್‌ನವರು ಕೇಳಲು ಹಿಂಜರಿಯುತ್ತಾರೆ. ಬೆರಳೆಣಿಕೆಯ ಗ್ರಾಹಕರಿರುವ ಒಂದು ಹಳೆಯ ಪ್ಲಾನ್‌ಗಾಗಿ ಪ್ರತ್ಯೇಕ ನಿಯಮ, ಪ್ರತ್ಯೇಕ ಪರೀಕ್ಷೆ, ಪ್ರತ್ಯೇಕ ವಲಸೆ ಬೇಕಾಗುತ್ತದೆ. ಆ ಗ್ರಾಹಕರಿಗೆ ಅದೇ ದರದಲ್ಲಿ ಇನ್ನೂ ಉತ್ತಮ ಪ್ಲಾನ್ ಕೊಟ್ಟು ಹಳೆಯದನ್ನು ಮುಚ್ಚಿದರೆ ಎಷ್ಟೋ ಅಗ್ಗ.

ಕೆಟ್ಟ ದಿನಕ್ಕೆ ಸಿದ್ಧತೆ

ಓಎಸ್‌ಎಸ್ ಕ್ಲೌಡ್‌ಗೆ ಹೋಗುವುದರ ಬಗ್ಗೆ ನನಗೆ ತಕರಾರಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ನೆಟ್‌ವರ್ಕ್ ಪೂರ್ತಿ ಬಿದ್ದಾಗ ನೀವು ಓಎಸ್‌ಎಸ್ ತಲುಪುವುದು ಹೇಗೆ, ಓಎಸ್‌ಎಸ್ ಉಪಕರಣಗಳನ್ನು ತಲುಪುವುದು ಹೇಗೆ?

ಕೆನಡಾದ ರಾಜರ್ಸ್ ಸಂಸ್ಥೆಯ ನೆಟ್‌ವರ್ಕ್ 2022ರ ಜುಲೈ 8ರಂದು ಬಿತ್ತು. 1.2 ಕೋಟಿಗೂ ಹೆಚ್ಚು ಬಳಕೆದಾರರಿಗೆ ಸೇವೆ ನಿಂತಿತು. ಏಳು ಹಂತಗಳ ಕೋರ್ (ನೆಟ್‌ವರ್ಕ್‌ನ ನಡುಭಾಗದ) ಅಪ್‌ಗ್ರೇಡ್‌ನ ಆರನೆಯ ಹಂತದಲ್ಲಿ ರೂಟರ್‌ಗಳಿಂದ ಒಂದು ಫಿಲ್ಟರ್ ತೆಗೆದದ್ದರಿಂದ ರೂಟಿಂಗ್ ಮಾಹಿತಿ ಪ್ರವಾಹದಂತೆ ನುಗ್ಗಿ ಕೋರ್ ರೂಟರ್‌ಗಳು ಕುಸಿದವು. ಆಮೇಲೆ ನಡೆದ ಸ್ವತಂತ್ರ ಪರಿಶೀಲನೆಯಲ್ಲಿ ಎರಡು ಸಂಗತಿಗಳು ಹೊರಬಂದವು, ಎರಡೂ ನಿಮಗೆ ನೇರವಾಗಿ ಬೇಕಾದವು. ನಿರ್ವಹಣಾ ನೆಟ್‌ವರ್ಕ್ ಕೂಡ ಅದೇ ಕೋರ್ ಮೇಲೆ ನಿಂತಿದ್ದರಿಂದ, ಕೋರ್ ಬಿದ್ದಾಗ ಎಂಜಿನಿಯರ್‌ಗಳಿಗೆ ಲಾಗ್‌ಗಳು ಸಿಗಲಿಲ್ಲ. ಕಾರಣ ಗುರುತಿಸಲು 14 ತಾಸು ಹಿಡಿಯಿತು. ಇನ್ನೊಂದು, ಮೊದಲಿಗೆ ಹೆಚ್ಚು ಅಪಾಯದ್ದೆಂದು ಗುರುತಿಸಿದ್ದ ಕೆಲಸವನ್ನು, ಹಿಂದಿನ ಹಂತಗಳು ಸುಸೂತ್ರವಾಗಿ ನಡೆದವೆಂದು, ಆರನೆಯ ಹಂತಕ್ಕೆ ಬರುವಷ್ಟರಲ್ಲಿ ಕಡಿಮೆ ಅಪಾಯದ್ದೆಂದು ಇಳಿಸಲಾಗಿತ್ತು.

ನಿಮ್ಮ ವಲಸೆಯೂ ಅಲೆ ಅಲೆಯಾಗಿ ನಡೆಯುತ್ತದೆ. ಐದು ಅಲೆ ಚೆನ್ನಾಗಿ ಹೋದದ್ದು ಆರನೆಯದರ ಬಗ್ಗೆ ಏನನ್ನೂ ಹೇಳುವುದಿಲ್ಲ. ಪ್ರತಿ ಅಲೆಯ ಅಪಾಯವನ್ನೂ ಹೊಸದಾಗಿ ತೂಗಿ. ಕ್ಲೌಡ್‌ಗೆ ಹೋಗುವ ದಾರಿ, ಉಪಕರಣಗಳ ಕನ್ಸೋಲ್‌ಗೆ ಹೋಗುವ ದಾರಿ ಎರಡೂ ನಿಮ್ಮ ಸ್ವಂತ ಕೋರ್ ಅನ್ನು ಅವಲಂಬಿಸದಂತೆ, ಬೇರೆ ಸಂಸ್ಥೆಯ ಸಂಪರ್ಕದ ಮೇಲೆ ಇರಲಿ. ಎನ್‌ಓಸಿಯ ಮುಖ್ಯರ ಬಳಿ ಬೇರೆ ಸಂಸ್ಥೆಯ ಸಿಮ್ ಇರಲಿ. ಹಳೆಯ ಸ್ಕ್ರಿಪ್ಟ್‌ಗಳ ಒಳಗೆ ಎಲ್ಲರೂ ಹಂಚಿಕೊಳ್ಳುವ ಪಾಸ್‌ವರ್ಡ್‌ಗಳು ಹುದುಗಿರುತ್ತವೆ, ಅವನ್ನು ಹೊಸ ಸಿಸ್ಟಂಗೆ ಒಯ್ಯಬೇಡಿ. ಇಡೀ ನೆಟ್‌ವರ್ಕ್‌ನ ಕೀಲಿಗೊಂಚಲು ಓಎಸ್‌ಎಸ್‌ನಲ್ಲೇ ಇರುವುದು.

ನಿಮ್ಮ ಹಿರಿಯರು, ನಿಮ್ಮ ತಂಡ

ಹಿರಿಯರನ್ನು "ಗೊತ್ತಿರುವುದನ್ನೆಲ್ಲ ಬರೆದುಕೊಡಿ" ಎಂದು ಕೇಳಬೇಡಿ. ತಮಗೆ ಏನೇನು ಗೊತ್ತಿದೆ ಎಂಬುದು ಅವರಿಗೇ ಆ ಕ್ಷಣದಲ್ಲಿ ನೆನಪಾಗುವುದಿಲ್ಲ. ಫಾಲ್‌ಔಟ್ ಆದ ಆರ್ಡರ್‌ಗಳನ್ನು ದಿನವೂ ಅವರ ಮುಂದಿಡಿ, ಪಕ್ಕದಲ್ಲಿ ಇಬ್ಬರು ಕಿರಿಯರನ್ನು ಕೂರಿಸಿ. ಅವರು ಬಿಡಿಸುವಾಗ "ಇದನ್ನು ಹೀಗೇಕೆ ಮಾಡಿದಿರಿ ಸರ್" ಎಂದು ಕೇಳಿ, ಬಂದ ಉತ್ತರವನ್ನು ಹೊಸ ಸಿಸ್ಟಂ ಪಾಸಾಗಬೇಕಾದ ಒಂದು ಪರೀಕ್ಷೆಯಾಗಿ ಬರೆದುಕೊಳ್ಳಿ. ಕೆಲವು ತಿಂಗಳಲ್ಲಿ ನಿಮ್ಮ ಕೈಯಲ್ಲಿ ಯಾವ ವೆಂಡರ್ ದಾಖಲೆಯಲ್ಲೂ ಇಲ್ಲದ ಪರೀಕ್ಷೆಗಳ ಕಟ್ಟು ಇರುತ್ತದೆ. ಸಾಧ್ಯವಿದ್ದರೆ ನಿವೃತ್ತಿಯ ನಂತರವೂ ಅವರನ್ನು ಸಲಹೆಗಾರರಾಗಿ, ಗೌರವಯುತ ಸಂಭಾವನೆ ಕೊಟ್ಟು ಉಳಿಸಿಕೊಳ್ಳಿ. ಕಟ್‌ಓವರ್ ರಾತ್ರಿಗಳಲ್ಲಿ ಅವರಂಥವರು ಪಕ್ಕದಲ್ಲಿರುವುದು ಎಷ್ಟು ದೊಡ್ಡ ಬಲ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತಂಡದವರಿಗೆ ಕೆಲಸ ಹೋಗುವ ಭಯವಿಲ್ಲ ಎಂದು ಸುಳ್ಳು ಹೇಳಬೇಡಿ. ನಾಲ್ಕು ಸ್ಕ್ರೀನ್‌ಗಳಲ್ಲಿ ಅದೇ ಮಾಹಿತಿ ಟೈಪ್ ಮಾಡುವ ಕೆಲಸ ಹೋಗುತ್ತದೆ, ಹೋಗಬೇಕು ಕೂಡ. ಆದರೆ ಆ ಕೆಲಸ ಮಾಡುತ್ತಿರುವವರಿಗೇ ಯಾವ ದಾಖಲೆ ಎಲ್ಲಿ ತಪ್ಪುತ್ತದೆ ಎಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತು. ರಿಕನ್ಸಿಲಿಯೇಶನ್, ಡೇಟಾ ಗುಣಮಟ್ಟ, ಆ್ಯಕ್ಟಿವೇಶನ್ ಮಾದರಿಗಳ ಪರೀಕ್ಷೆ ಇವಕ್ಕೆಲ್ಲ ಹೊರಗಿನವರನ್ನು ತರುವ ಮೊದಲು ಇವರನ್ನೇ ತರಬೇತಿಗೊಳಿಸಿ. ತರಬೇತಿ ಕೆಲಸದ ವೇಳೆಯಲ್ಲೇ ಆಗಲಿ. ಯಾರ ಪಾತ್ರ ಹೇಗೆ ಬದಲಾಗುತ್ತದೆ ಎಂಬುದನ್ನು ಕಟ್‌ಓವರ್‌ಗೆ ಮುಂಚೆಯೇ ಹೆಸರು ಹಿಡಿದು ಹೇಳಿ. ಅನಿಶ್ಚಿತತೆಯಲ್ಲಿಟ್ಟರೆ ಒಳ್ಳೆಯ ಎಂಜಿನಿಯರ್‌ಗಳೇ ಮೊದಲು ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ.

ಇನ್ನು ಆ 18 ತಿಂಗಳು. ಮಂಡಳಿಗೆ "ಆಗುವುದಿಲ್ಲ" ಎಂದಷ್ಟೇ ಹೇಳಿದರೆ ನಿಮ್ಮನ್ನು ಬದಲಾವಣೆಯ ವಿರೋಧಿ ಎನ್ನುತ್ತಾರೆ. ಆ ಅವಧಿಯಲ್ಲಿ ಆಗಬಲ್ಲದ್ದನ್ನು ಹೇಳಿ. ಮೊದಲ ಮೂರು ತಿಂಗಳಲ್ಲಿ ಒಂದು ಪ್ರದೇಶದ ಫೈಬರ್ ಬ್ರಾಡ್‌ಬ್ಯಾಂಡ್ ದಾಖಲೆಯನ್ನು ನೆಟ್‌ವರ್ಕ್ ಜತೆ ಹೋಲಿಸಿ, ಎಷ್ಟು ಪಾಲು ತಾಳೆಯಾಗುತ್ತಿಲ್ಲ ಎಂಬ ಅಂಕಿಯನ್ನು ಅವರ ಮೇಜಿನ ಮೇಲಿಡಿ. ನಿಮ್ಮದೇ ನೆಟ್‌ವರ್ಕ್‌ನ ಅಂಕಿ ನೋಡಿದಾಗ ಚರ್ಚೆಯ ದಿಕ್ಕೇ ಬದಲಾಗುತ್ತದೆ. ಒಂದು ವರ್ಷದೊಳಗೆ ಎರಡು ಅಲಾರ್ಮ್ ಸಿಸ್ಟಂ ಒಂದಾಗಿ, ಹಳೆಯದೊಂದು ಆಫ್ ಆಗಲಿ. 18 ತಿಂಗಳ ಹೊತ್ತಿಗೆ ಹೊಸ ಬ್ರಾಡ್‌ಬ್ಯಾಂಡ್ ಆರ್ಡರ್‌ಗಳು ಹೊಸ ದಾರಿಯಲ್ಲಿ ಹರಿಯುತ್ತಿರಲಿ. ಲೀಸ್ಡ್ ಲೈನ್‌ಗಳು, ಕೊಂಡ ಸಂಸ್ಥೆಯಿಂದ ಬಂದ ಇನ್ವೆಂಟರಿ ಆಮೇಲೆ.

ವೆಂಡರ್ ಒಪ್ಪಂದದಲ್ಲಿ ಎರಡು ಷರತ್ತುಗಳನ್ನು ಬಿಟ್ಟುಕೊಡಬೇಡಿ. ನಿಮ್ಮ ಡೇಟಾ ಪೂರ್ತಿಯಾಗಿ, ಸಂಬಂಧಗಳ ಸಮೇತ, ಬೇರೆಯವರು ಓದಬಲ್ಲ ರೂಪದಲ್ಲಿ ಯಾವಾಗ ಕೇಳಿದರೂ ಸಿಗಬೇಕು. ಅದನ್ನು ವರ್ಷಕ್ಕೊಮ್ಮೆ ನಿಜವಾಗಿ ತೆಗೆದು ನೋಡುವ ಹಕ್ಕೂ ಇರಬೇಕು. ಹಣ ಪಾವತಿಯನ್ನು ಸಾಫ್ಟ್‌ವೇರ್ ಸ್ಥಾಪನೆಗೆ ಕಟ್ಟದೆ, ಮನುಷ್ಯರ ಕೈ ತಾಗದೆ ಮುಗಿಯುವ ಆರ್ಡರ್‌ಗಳ ಪಾಲಿಗೆ ಮತ್ತು ಆಫ್ ಆದ ಹಳೆಯ ಸಿಸ್ಟಂಗಳಿಗೆ ಕಟ್ಟಿ. ಡೇಟಾ ತಾನಾಗಿ ಸರಿಹೋಗುತ್ತದೆ ಎಂದ ವೆಂಡರ್ ಈ ಷರತ್ತಿಗೆ ಸಹಿ ಹಾಕಲು ಸಿದ್ಧರಿದ್ದಾರೆಯೇ ಎಂದು ಮುಂದಿನ ಸಭೆಯಲ್ಲೇ ಕೇಳಿ ನೋಡಿ.